ಹುರುಳಿಸಾರಿನ ರಿಯಾಯಿತಿ

ಹುರುಳಿಸಾರು ಕುದಿಯುವ ವಾಸನೆಗೆ ಸರ್ವಮಂಗಳಮ್ಮನವರಿಗೆ ಈಗಲೂ ಅಜ್ಜಿಯ ಸೆರಗು ಹಿಡಿದಂತಾಗುತ್ತಿತ್ತು. ಫೋನಿನೊಳಗಿನ ಗೇಮ್ ಅಂಗಡಿಗಳು ಅಡುಗೆಮನೆಯ ವಾಸನೆಯಿಂದಲೇ ಊರು ಗುರುತಿಸಿ, ಊರಿಗೊಂದು ಬೆಲೆ ಹೇಳತೊಡಗಿದ ಮೇಲೆ, ಅಗ್ಗದ ಬೆಲೆಗೆ ಬರುವ ಅಕ್ಕಪಕ್ಕದವರಿಂದಾಗಿ ಅವರ ಒಲೆಗೆ ಬಿಡುವಿರಲಿಲ್ಲ.

ಪಕ್ಕದ ಮನೆಯ ರೆಹಾನಾ ಸಾರಿನ ಹಬೆಗೆ ಫೋನು ಹಿಡಿದಿದ್ದಳು. "ಆಂಟಿ, ಸೇಲು ಮುಗೀತಾ ಬಂತು, ಇನ್ನೂ ಲಂಡನ್ ರೇಟೇ ತೋರಿಸ್ತಿದೆ! ಅಷ್ಟು ದುಡ್ಡು ನನ್ನ ಹತ್ರ ಎಲ್ಲಿದೆ?"

"ಕೇಕುಗೀಕು ತಿಂದ್ಯೇನೇ?"

"ವಾಸನೆ ಕೆಡುತ್ತೆ ಅಂತ ಬೆಳಗ್ಗೆಯಿಂದ ಏನೂ ತಿಂದಿಲ್ಲ."

"ಮತ್ತೆ ಕೈಗೆ ಬಳಿದಿರೋದು ಏನು?"

"ಅಯ್ಯೋ, ಲ್ಯಾವೆಂಡರ್ ಕ್ರೀಮು!"

ರೆಹಾನಾ ಕೈ ತೊಳೆದು ಬರುವಷ್ಟರಲ್ಲಿ ಅವರು ಬೆಳ್ಳುಳ್ಳಿ ಒಗ್ಗರಣೆ ಚುಂಯ್‌ಗುಟ್ಟಿಸಿದರು. ಬೆಲೆ ಲಂಡನ್ನಿನಿಂದ ತುಮಕೂರಿಗೆ ಇಳಿಯಿತು. ಗೇಮು ಕೊಂಡ ರೆಹಾನಾ ಕುಣಿದಳು.

ಸರ್ವಮಂಗಳಮ್ಮ ಅವಳ ಕೈಯಿಂದ ಫೋನು ತೆಗೆದಿಟ್ಟು, ಅದೇ ಕೈಗೆ ಬಿಸಿ ಮುದ್ದೆ, ಸಾರಿನ ತಟ್ಟೆ ಕೊಟ್ಟರು.