ಬೋರಲು ಹಾಕಿದ ಲೋಟ

ಬಾರ್ಲಿ ಮಾಲ್ಟಿನ ಮೂಟೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಯಜಮಾನ ತನ್ನದೇ ಬ್ರೂವರಿಯಲ್ಲಿ ಕಳ್ಳನಿಗಾಗಿ ಕಾಯುತ್ತಿದ್ದ. ಹೊರಗೆ ಬಂದರಿನ ಬೀದಿಯ ಸಂಜೆಯ ಗಲಾಟೆ. ಒಳಗೆ ಟ್ಯಾಂಕುಗಳಲ್ಲಿ ಬಿಯರು ಹುದುಗುವ ಗುಳುಗುಳು ಸದ್ದು.

ಬಾಗಿಲು ಕಿರುಗುಟ್ಟಿತು. ಬಂದವನು ಭಾವಮೈದ, ತೀರಿಹೋದ ಹೆಂಡತಿಯ ಒಬ್ಬನೇ ತಮ್ಮ. ಯಜಮಾನನಿಗೆ ಆಶ್ಚರ್ಯವಾಗಲಿಲ್ಲ. ಎದೆ ಮಾತ್ರ ಕಲ್ಲಾಯಿತು.

ಭಾವಮೈದ ಮೊಳೆಯ ಮೇಲಿದ್ದ ಯಜಮಾನನ ಏಪ್ರನ್ ತೆಗೆದು ಮೂಸಿ ನೋಡಿದ. ಸುತ್ತಿ ತನ್ನ ಚೀಲಕ್ಕೆ ತುರುಕಿದ. ಆಮೇಲೆ ಕೆಟಲಿನಿಂದ ಏನನ್ನೋ ಟ್ಯಾಂಕಿನ ಮುಚ್ಚಳದ ಮೇಲೆ ಸುರಿಯತೊಡಗಿದ.

"ಸಿಕ್ಕಿಬಿದ್ದೆಯಲ್ಲೋ!" ಯಜಮಾನ ಎದ್ದು ಬಂದ.

ಭಾವಮೈದ ಕೆಟಲನ್ನು ಕೆಳಗಿಟ್ಟ.

"ಏನದು ಕೆಟಲಲ್ಲಿ?"

"ಕುದಿಯೋ ನೀರು, ಭಾವ."

"ನನ್ನ ಕಿವಿಗೆ ಹೂ ಇಡಬೇಡ. ಏಪ್ರನ್ ಯಾಕೆ ತಗೊಂಡೆ?"

"ಒಗೆದು ತರೋಣ ಅಂತ."

"ಇಷ್ಟು ವರ್ಷ ಇಲ್ಲದ ಕಾಳಜಿ ಈಗ ಉಕ್ಕಿ ಬಂತಾ?"

ಭಾವಮೈದ ಏಪ್ರನ್ನನ್ನು ಚೀಲದಿಂದ ತೆಗೆದ. ಮತ್ತೆ ಮೊಳೆಗೆ ಹಾಕಿದ.

ಹೆಂಡತಿ ಹೋದ ಮೇಲೆ ಬಿಯರು ಕೆಡಲು ಶುರುವಾಗಿತ್ತು. ನಾಲಿಗೆಗೆ ಕಹಿ ತಾಗಬೇಕಾದ ಕಡೆ ಹುಳಿ. ಹೊರಗಿನ ಹುಳಿ ಒಂದು ಚೂರು ತಾಗಿದರೆ ಸಾಕು, ಇಡೀ ಟ್ಯಾಂಕು ಚರಂಡಿಗೆ. ಹಳೆಯ ಗಿರಾಕಿಗಳು ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದರು. "ಯಜಮಾನ್ರೇ, ತಾಮ್ರದ ಪಾತ್ರೆ ತಿಕ್ಕೋಕೆ ಒಂದು ಬಾಟಲಿ ಕಟ್ಟಿಕೊಡಿ" ಎಂದು ನಗುತ್ತಿದ್ದರು. ಇನ್ನೊಂದು ಟ್ಯಾಂಕು ಕೆಟ್ಟರೆ ಬಾಗಿಲು ಎಳೆಯುವುದೇ ಸೈ.

ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ. ಯಾರು? ತಣಿದ ಬಿಯರಿಗೆ ಘಮಕ್ಕಾಗಿ ಹಾಪ್ಸ್ ಹೂವನ್ನು ತನ್ನ ಕೈಯಿಂದಲೇ ಉದುರಿಸುವುದು ಯಜಮಾನನ ಹೆಮ್ಮೆ. ಭಾವಮೈದ ಈಚೆಗೆ ಅದಕ್ಕೂ ಅಡ್ಡ ಬರುತ್ತಿದ್ದ. "ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ ಭಾವ, ಇದನ್ನ ನನಗೆ ಬಿಡಿ." ಒಮ್ಮೆ ಯಜಮಾನ ಜ್ವರದಲ್ಲಿ ಮಲಗಿದ್ದಾಗ ಅವನೊಬ್ಬನೇ ಒಂದು ಟ್ಯಾಂಕು ಬಿಯರು ಮಾಡಿದ್ದ. ಅದೊಂದು ಮಾತ್ರ ಕೆಡಲಿಲ್ಲ. ಇನ್ನೇನು ಸಾಕ್ಷಿ ಬೇಕು? ಉಂಡ ಮನೆಯ ಜಂತೆ ಎಣಿಸುವವನು.

ಅವಳ ತಮ್ಮನೇ ಹೀಗೆ ಮಾಡಿದನಲ್ಲ ಎಂಬುದೇ ಯಜಮಾನನಿಗೆ ಹೆಚ್ಚಿನ ಸಂಕಟ. ಅವಳು ಹೊಲಿದ ಏಪ್ರನ್ನನ್ನು ಯಜಮಾನ ರಾತ್ರಿ ಮನೆಗೆ ಒಯ್ದು, ಬೆಳಿಗ್ಗೆ ಅಡುಗೆಮನೆಯಲ್ಲೇ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದ. ಬ್ರೆಡ್ಡು ಉಬ್ಬಲೆಂದು ಅವಳು ಸಾಕಿದ್ದ ಹುಳಿಹಿಟ್ಟಿನ ಜಾಡಿ ಅಲ್ಲಿತ್ತು. ಅವಳು ಇರುವಾಗ ಅವನು ಅದರ ಮುಚ್ಚಳವನ್ನೂ ತೆರೆದವನಲ್ಲ. "ಇದನ್ನ ಸಾಯಿಸಬೇಡಿ, ದಿನಾ ಒಂದು ಹಿಡಿ ಹಿಟ್ಟು ಹಾಕಿ" ಎಂಬುದೇ ಅವಳ ಕಡೆಯ ಮಾತು. ಅವನಿಗೆ ದೇವರ ಪ್ರಾರ್ಥನೆ ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಅಂಥ ಪುಣ್ಯವತಿಯ ಬೆನ್ನಿಗೆ ಇಂಥವನು ಹುಟ್ಟಿದನೇ!

ಆ ಊರಿನ ಸಣ್ಣ ಬ್ರೂವರಿಗಳವರು ವಾರಕ್ಕೊಮ್ಮೆ ದೀಪಸ್ತಂಭದ ಬಳಿ ದೊಡ್ಡಮ್ಮನ ಉದ್ದನೆಯ ಮೇಜಿಗೆ ಸೇರುತ್ತಿದ್ದರು. ದೊಡ್ಡಮ್ಮ ಎಲ್ಲರಿಗಿಂತ ಹಿರಿಯಳು. ಅರ್ಧ ಊರಿಗೆ ಬಿಯರು ಕಲಿಸಿದವಳು. ಒಬ್ಬರ ಯೀಸ್ಟ್ ಸತ್ತರೆ ಇನ್ನೊಬ್ಬರು ಕೊಡುತ್ತಿದ್ದರು. ಒಬ್ಬರ ಮಾಲ್ಟ್ ಮುಗಿದರೆ ಇನ್ನೊಬ್ಬರ ಮೂಟೆ ಬಿಚ್ಚಿಕೊಳ್ಳುತ್ತಿತ್ತು. ಪ್ರತಿಯೊಬ್ಬರಿಗೂ ಅಲ್ಲೊಂದು ಲೋಟ. ಮತ್ತೊಬ್ಬರ ಟ್ಯಾಂಕು ಕೆಡಿಸಿದವನ ಲೋಟವನ್ನು ಬೋರಲು ಹಾಕುವರು. ಆಮೇಲೆ ಅವನಿಗೆ ಆ ಕರಾವಳಿಯಲ್ಲಿ ಯಾವ ಬ್ರೂವರಿಯ ಬಾಗಿಲೂ ತೆರೆಯದು.

ಯಜಮಾನ ಎಲ್ಲರ ಮುಂದೆ ದೂರು ಹೇಳಿದ.

"ನಿಜವೇನಯ್ಯಾ?" ದೊಡ್ಡಮ್ಮ ಕೇಳಿದಳು.

ಭಾವಮೈದ ಭಾವನ ಕೈಗಳನ್ನು ನೋಡಿದ.

"ನಾನೇ ಅಂತ ಇಟ್ಕೊಳ್ಳಿ."

"ಇಟ್ಕೊಳ್ಳೋದೇನು ಬಂತು? ಹೌದೋ ಅಲ್ಲವೋ?"

"ಹೌದು, ದೊಡ್ಡಮ್ಮ."

ಅವಳು ಅವನ ಲೋಟ ಬೋರಲು ಹಾಕಿದಳು. ಬಾಗಿಲಲ್ಲಿ ಅವನು ತಿರುಗಿ ನಿಂತ.

"ಅಕ್ಕನ ಜಾಡಿ ಹೇಗಿದೆ, ಭಾವ?"

"ಅವಳ ಹೆಸರೆತ್ತಬೇಡ ನೀನು!"

"ಆಯ್ತು. ಏಪ್ರನ್ ಮಾತ್ರ ಆಗಾಗ ಕುದಿಯೋ ನೀರಿಗೆ ಹಾಕಿ."

ಎಷ್ಟು ಕೊಬ್ಬು, ಹೋಗುವಾಗಲೂ ಹಂಗಿಸುತ್ತಾನೆ ಎಂದು ಯಜಮಾನ ಹಲ್ಲು ಕಡಿದ. ಆಮೇಲೆ ಭಾವಮೈದ ಬಂದರಿನಲ್ಲಿ ಉಪ್ಪಿನ ಮೂಟೆ ಹೊರುತ್ತಿದ್ದಾನೆಂದು ಸುದ್ದಿ ಬಂತು. ಹೊರಲಿ ಎಂದುಕೊಂಡ.

ಹೊಸ ಟ್ಯಾಂಕಿಗೆ ಯಜಮಾನ ಒಬ್ಬನೇ ಕೈ ಹಾಕಿದ. ಬೀಗ ಹೊಸದು, ಬೀಗದ ಕೈ ಸೊಂಟದಲ್ಲಿ. ಅವನ ಹೊರತು ನರಪಿಳ್ಳೆ ಒಳಗೆ ಬರಲಿಲ್ಲ. ಏಪ್ರನ್ನನ್ನು ಬೇರೆ ಯಾರೂ ಮುಟ್ಟಲಿಲ್ಲ.

ಬಿಯರು ಮೊದಲಿಗಿಂತ ಬೇಗ ಹುಳಿಯಿತು.

ಸುದ್ದಿ ಕೇಳಿ ದೊಡ್ಡಮ್ಮ ಕೋಲೂರಿಕೊಂಡು ಬಂದಳು. ಒಂದು ಗುಟುಕು ಕುಡಿದು ಉಗುಳಿದಳು. ಟ್ಯಾಂಕು ನೋಡಿದಳು, ನಲ್ಲಿ ನೋಡಿದಳು, ಮಾಲ್ಟ್ ಮೂಸಿದಳು. ಕೊನೆಗೆ ಯಜಮಾನನ ಏಪ್ರನ್ನಿನ ಅಂಚು ಹಿಡಿದಳು. ಹೊಲಿಗೆಯ ಸಂದಿನಲ್ಲಿ ಒಣಗಿದ್ದ ಬಿಳಿ ಹಕ್ಕಳೆಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದಳು. ಅವಳ ಮುಖ ಕಪ್ಪಿಟ್ಟಿತು.

"ಮನೆಯಲ್ಲಿ ಹುಳಿಹಿಟ್ಟು ಸಾಕಿದ್ದೀಯಾ?"

"ನನ್ನಾಕೆಯದು. ಯಾಕೆ, ದೊಡ್ಡಮ್ಮ?"

ದೊಡ್ಡಮ್ಮ ಮಾಲ್ಟ್ ಮೂಟೆಯ ಮೇಲೆ ಕುಳಿತಳು.

"ನಿನ್ನ ಭಾವಮೈದ ಹೋದ ವರ್ಷವೇ ನನ್ನ ಹತ್ರ ಬಂದಿದ್ದ, ಮನೆಯ ಹುಳಿಹಿಟ್ಟು ಬಟ್ಟೆಗಂಟಿ ಬಿಯರು ಕೆಡಿಸ್ತಿದ್ರೆ ಏನು ಮಾಡೋದು ಅಂತ, ಯಾರದೋ ಮನೆ ಕಥೆ ಅನ್ನೋ ಹಾಗೆ ಕೇಳಿದ. ಆ ಹಿಟ್ಟು ಬಿಸಾಡಿಸು, ಬಿಯರು ಸರಿಹೋಗುತ್ತೆ ಅಂದೆ. ಅದಕ್ಕವನು, 'ಆಗಲ್ಲ ದೊಡ್ಡಮ್ಮ, ಆ ಮನೇಲಿ ಅವಳು ಇನ್ನೊಂದು ಸಲ ಸಾಯಬಾರದು' ಅಂದ."