ಈಟಿ ಹಿಡಿದ ಅಧ್ಯಕ್ಷರು

"ಈಟಿ ಕೊಡಮ್ಮ ಇಲ್ಲಿ, ಒಂದು ಫೋಟೊ ಆಗ್ಲಿ," ಎಂದು ಸನ್ಮಾನದ ವೇದಿಕೆಯ ಮೇಲೆ ಕ್ರೀಡಾ ಸಂಘದ ಅಧ್ಯಕ್ಷ ಸೂರ್ಯಪ್ರಕಾಶ್ ಕೈ ಚಾಚಿದ. ಈಟಿ ಎಸೆತದಲ್ಲಿ ರಾಷ್ಟ್ರಮಟ್ಟದ ಚಿನ್ನ ಗೆದ್ದು ತುರುವೇಕೆರೆಗೆ ಮರಳಿದ್ದ ನಿಖತ್ ಈಟಿಯನ್ನು ಅವನ ಕೈಗಿಟ್ಟಳು.

ಆರು ವರ್ಷದ ಹಿಂದೆ ಇದೇ ಮನುಷ್ಯ, "ಟೈಲರ್ ಮಗಳಿಗೆ ಸೂಜಿ ಸಾಕು, ಈಟಿ ಯಾಕೆ?" ಎಂದು ಅವಳನ್ನು ಮೈದಾನದಿಂದ ಅಟ್ಟಿದ್ದ. ಅವಳು ಯಾರದೋ ತೆಂಗಿನ ತೋಟದಲ್ಲಿ ಬಿದಿರು ಕೋಲುಗಳನ್ನು ಎಸೆದೆಸೆದು ಕಲಿತಿದ್ದಳು.

"ನಾನೇ ಬೆಳೆಸಿದ ಹುಡುಗಿ ಕಣ್ರೀ!" ಎಂದು ಮೈಕಿನಲ್ಲಿ ಸಾರಿದ ಅಧ್ಯಕ್ಷ, ಈಟಿಯ ಮೊನೆ ಹಿಂದಕ್ಕೆ, ಬಾಲ ಮುಂದಕ್ಕೆ ಮಾಡಿ ಹಿಡಿದು ಎದೆಯುಬ್ಬಿಸಿ ನಿಂತ. ಮುಂದಿನ ಸಾಲಿನಲ್ಲಿದ್ದ ನಿಖತ್‌ಳ ಅಪ್ಪ ಫಜಲುಲ್ಲಾ ಅದನ್ನು ತಿದ್ದಲು ಎದ್ದರು. ನಿಖತ್ ಕಣ್ಣಿನಲ್ಲೇ ಅವರನ್ನು ಕೂರಿಸಿದಳು.

"ಸರಿಯಾಗಿ ಹಿಡ್ದಿದ್ದೀನೇನಮ್ಮ?" ಎಂದು ಅಧ್ಯಕ್ಷ ಕೇಳಿದ.

"ನಿಮಗೆ ಹಂಗೇ ಒಪ್ಪುತ್ತೆ ಸರ್," ಎಂದ ನಿಖತ್, ಫೋಟೊಗ್ರಾಫರ್ ಕಡೆ ತಿರುಗಿದಳು. "ಅಣ್ಣಾ, ಪೇಪರಿಗೆ ಇದೇ ಇರ್ಲಿ."