ಎಂಟರಿಂದ ಒಂಬತ್ತು

ನಾಲ್ಕು ಜನರೆದುರು ಬಾಯಿ ತೆರೆದರೆ ಗಂಟಲು ಕಟ್ಟುತ್ತದೆಂಬ ಚಿಂತೆಯನ್ನು ಅವಳು ಡೈರಿಗಷ್ಟೇ ಹೇಳಿಕೊಂಡಿದ್ದಳು. ಡಿಗ್ರಿ ಮುಗಿಸಿ, ರಸ್ತೆಬದಿ ಕೂತು ಗಾಡಿ ಎಣಿಸುವ ಕೆಲಸಕ್ಕೆ ಸೇರಿದ್ದೂ ಅದಕ್ಕೇ. ನಾಲ್ಕು ಗೀಟೆಳೆದು ಐದನೆಯದನ್ನು ಅಡ್ಡ ಹಾಕಿದರಾಯಿತು, ಮಾತು ಬೇಕಿಲ್ಲ.

ಹೊಸ ಲೇಔಟಿನ ಬಗ್ಗೆ ಊರಿನವರ ಸಭೆ ಕರೆದಾಗ ಎಂಜಿನಿಯರು ಅವಳ ಹಾಳೆಯನ್ನೇ ಎತ್ತಿ ಹಿಡಿದರು.

“ಬೆಳಗ್ಗೆ ಎಂಟರಿಂದ ಒಂಬತ್ತು, ಸೊನ್ನೆ. ಇಂಥ ಖಾಲಿ ರಸ್ತೆಗೆ ಇನ್ನೂ ಮುನ್ನೂರು ಮನೆ ಬಂದ್ರೆ ಏನು ತೊಂದರೆ? ಹಂಪ್ ಕೂಡ ಬೇಕಾಗಿಲ್ಲ.”

ಮುಂದಿನ ಸಾಲಿನಿಂದ ಒಬ್ಬಾಕೆ ಎದ್ದಳು. “ಖಾಲಿನಾ? ಲಾರಿ ಕಾಟಕ್ಕೆ ಮಕ್ಕಳು ಸ್ಕೂಲಿಗೆ ದಾಟಕ್ಕಾಗಲ್ಲ ಸ್ವಾಮಿ! ಯಾವತ್ತು ಎಣಿಸಿದ್ರಿ?”

“ಯಾವತ್ತಾದ್ರೇನಮ್ಮಾ, ಲೆಕ್ಕ ಲೆಕ್ಕಾನೇ. ಎಣಿಸಿದ ಹುಡುಗಿ ಇಲ್ಲೇ ಇದಾಳೆ. ಏನಮ್ಮಾ, ಈ ಸೊನ್ನೆ ನೀನೇ ಬರೆದದ್ದು ತಾನೆ?”

ಹಾಳೆಯಲ್ಲಿ ಕಾರಣ ಬರೆಯಲು ಜಾಗವಿರಲಿಲ್ಲ. ಅವಳು ಎದ್ದು ನಿಂತಳು.

“ನಾನೇ ಸರ್.”

“ಕೇಳಿದ್ರಾ?” ಎಂಜಿನಿಯರು ನಕ್ಕರು.

ಅವಳು ಕೂರಲಿಲ್ಲ.

“ಅವತ್ತು ಒಂದು ಗಾಡೀನೂ ಹೋಗಕ್ಕಾಗಲಿಲ್ಲ ಸರ್. ಈ ಅಮ್ಮ, ಲಾರಿಗೆ ಸಿಕ್ಕಿದ ಮಗಳ ಹೆಣ ಮಡಿಲಲ್ಲಿಟ್ಕೊಂಡು ನಡುರಸ್ತೆಯಲ್ಲಿ ಕೂತಿದ್ರು.”